ಟಿವಿಯಲ್ಲಿ ಆಮ್ಲೆಟ್, ಊರಲ್ಲಿ ಬಾಡಿಗೆ: ಅಡುಗೆ ಸ್ಟಾರ್‌ಗಳ ಹೋಟೆಲ್ ಲೆಕ್ಕ

ಈ ವಾರದ ಎಪಿಸೋಡ್ ಶುರುವಾಗಿದ್ದು ದಾವಣಗೆರೆಯಿಂದ ಬಂದ ಒಂದು ಫೋನಿಂದ.

ನಮ್ಮ ಚಿಕ್ಕಮ್ಮನಿಗೆ ಒಂದು ಯೂಟ್ಯೂಬ್ ಚಾನೆಲ್ ಇದೆ. ಲಾಕ್‌ಡೌನಲ್ಲಿ ಸುಮ್ನೆ ಶುರು ಮಾಡಿದ್ದು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಒಗ್ಗರಣೆ, ಎಣ್ಣೆಗಾಯಿ. ಮಗಳು ಮೊಬೈಲ್ ಹಿಡೀತಾಳೆ, ಇವರು ಮಾತಾಡ್ತಾ ಮಾಡ್ತಾರೆ. ಹೋದ ವರ್ಷ ಒಂದು ಲಕ್ಷ ಸಬ್‌ಸ್ಕ್ರೈಬರ್ ಆಗಿ ಬೆಳ್ಳಿ ಬಟನ್ ಬಂತು, ಅದನ್ನ ದೇವರ ಮನೆಯಲ್ಲೇ ಇಟ್ಟಿದಾರೆ. ಈಗ ಅವರಿಗೆ ಹೋಟೆಲ್ ಹಾಕೋ ಆಸೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ ನೋಡಿದಾರೆ. ದುಡ್ಡಿಗೆ ಚಿಕ್ಕಪ್ಪ ಸತ್ತ ಮೇಲೆ ಉಳಿದಿರೋ ಒಂದೇ ಸೈಟನ್ನು ಅಡ ಇಡೋದು ಅಂತ ಯೋಚನೆ. ಫೋನ್ ಮಾಡಿ ಕೇಳಿದ್ದು ಇಷ್ಟೇ: "ನೋಡಪ್ಪ, ನೀನು ಬಿಕಾಂ ಓದೀಯಲ್ಲ, ಲೆಕ್ಕ ಹಾಕಿ ಹೇಳು. ನನ್ನ ಅಡುಗೆ ಲಕ್ಷ ಜನ ನೋಡ್ತಾರೆ. ಅದ್ರಾಗೆ ದಿನಕ್ಕ ನೂರು ಜನ ಬಂದ್ರೂ ಸಾಕಲ್ಲ?"

ಸಾಕಾ? ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಇದೇ ಪ್ರಶ್ನೆಯನ್ನ ಇವರಿಗಿಂತ ಮೊದಲು ಕೇಳಿದವರು ಇದ್ದಾರೆ, ಸುಮಾರು 90 ವರ್ಷದಿಂದ ಕೇಳ್ತಾ ಬಂದಿದ್ದಾರೆ ಅಂತ ಗೊತ್ತಿತ್ತು. ಅವರ ಕಥೆ ಹೇಳ್ತೀನಿ. ರುಚಿಯ ಕಥೆ ಕಡಿಮೆ, ಬಾಡಿಗೆಯ ಕಥೆ ಜಾಸ್ತಿ. ಬೇಜಾರು ಮಾಡ್ಕೋಬೇಡಿ.

ಮೊದಲನೆಯವರು ಮಾರ್ಸೆಲ್ ಬೂಲೆಸ್ತಾಂ. ಫ್ರಾನ್ಸಿನ ಪೊಯಿಟಿಯೆ ಊರಲ್ಲಿ 1878ರಲ್ಲಿ ಹುಟ್ಟಿದವರು. ಇವರು ಹೋಟೆಲಲ್ಲಿ ಈರುಳ್ಳಿ ಹೆಚ್ಚಿ ಮೇಲೆ ಬಂದ ಬಾಣಸಿಗರಲ್ಲ. ಪ್ಯಾರಿಸ್ಸಲ್ಲಿ ಪತ್ರಿಕೆಗೆ ಬರೀತಿದ್ದರು, ಆಮೇಲೆ ಲಂಡನ್ನಿಗೆ ಬಂದು ಮನೆ ಅಲಂಕಾರದ ಅಂಗಡಿ ಇಟ್ಟರು. ಮೊದಲ ಮಹಾಯುದ್ಧ ಬಂತು, ಆಮೇಲೆ ಅಂಗಡಿ ನಡೀಲಿಲ್ಲ. ಕೈ ಖಾಲಿ. 1923ರಲ್ಲಿ ಇಂಗ್ಲಿಷ್ ಮನೆಗಳಿಗೆ ಸರಳ ಫ್ರೆಂಚ್ ಅಡುಗೆ ಹೇಳಿಕೊಡೋ ಒಂದು ಪುಸ್ತಕ ಬರೆದರು. ಅದು ಓಡಿಬಿಡ್ತು. 1925ರಲ್ಲಿ ಲೆಸ್ಟರ್ ಸ್ಕ್ವೇರಲ್ಲಿ ಒಂದು ರೆಸ್ಟೊರೆಂಟ್, 1927ರಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ಇನ್ನೊಂದು, ತಮ್ಮದೇ ಹೆಸರಲ್ಲಿ. ಲೇಖಕ ಹೋಟೆಲ್ ಇಟ್ಟಿದ್ದು. ಗಮನಿಸಿ, ಕ್ರಮ ಹೀಗಿದೆ: ಮೊದಲು ಹೆಸರು, ಆಮೇಲೆ ಹೋಟೆಲ್. ಚಿಕ್ಕಮ್ಮನದೂ ಅದೇ ಕ್ರಮ.

ಗೋಡೆ ಮೇಲೆ ಪ್ಯಾರಿಸ್ಸಿನ ಕಲಾವಿದರ ಚಿತ್ರ, ಒಳ್ಳೆಯ ವೈನು, ಒಳ್ಳೆಯ ಬೆಣ್ಣೆ, ಕಡಿಮೆ ಮೇಜು. ಲಂಡನ್ನಿನ ಅತಿ ದುಬಾರಿ ರೆಸ್ಟೊರೆಂಟು ಅಂತ ಹೆಸರಾಯ್ತು. ದೊಡ್ಡ ದೊಡ್ಡವರು ಬರೋರು. ಇಷ್ಟಾದ ಮೇಲೆ ಲಾಭ ಇರಬೇಕಲ್ವಾ? ಇರಲಿಲ್ಲ. ಸಾಮಾನಿನ ಗುಣಮಟ್ಟದಲ್ಲಿ ಒಂದು ಕೂದಲಷ್ಟೂ ಇಳಿಯೋಕೆ ಬೂಲೆಸ್ತಾಂ ಒಪ್ಪಲಿಲ್ಲ, ಹಾಗಾಗಿ ಬಿಲ್ಲು ದೊಡ್ಡದಿದ್ದರೂ ಉಳಿಯೋದು ಚಿಲ್ಲರೆ. ಹೋಟೆಲಿನ ಖರ್ಚು ತೂಗಿಸೋಕೆ ಪುಸ್ತಕ ಬರೆದರು, ಪತ್ರಿಕೆಗೆ ಲೇಖನ ಬರೆದರು, ಅಡುಗೆ ಕ್ಲಾಸು ನಡೆಸಿದರು. ಕೊನೆಗೆ ಟಿವಿಗೆ ಬಂದರು.

1937ರ ಜನವರಿ 21. ಬಿಬಿಸಿ ಟಿವಿ ಶುರುವಾಗಿ ಮೂರು ತಿಂಗಳೂ ಆಗಿಲ್ಲ. ಲಂಡನ್ನಿನ ಉತ್ತರಕ್ಕೆ ಗುಡ್ಡದ ಮೇಲಿರೋ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಪ್ರಸಾರ, ಲಂಡನ್ನಿನ ಸುತ್ತಮುತ್ತ ಬಿಟ್ಟರೆ ಬೇರೆ ಕಡೆ ಸಿಗೋದಿಲ್ಲ. ಒಂದು ಟಿವಿ ಸೆಟ್ಟಿನ ದುಡ್ಡಿಗೆ ಹೆಚ್ಚುಕಮ್ಮಿ ಒಂದು ಸಣ್ಣ ಕಾರು ಬರ್ತಿತ್ತು. ಎಲ್ಲಾ ಲೈವ್, ಕಪ್ಪು ಬಿಳುಪು. ಆ ಹೊತ್ತಲ್ಲಿ ಬೂಲೆಸ್ತಾಂ ಕ್ಯಾಮೆರಾ ಮುಂದೆ ನಿಂತು ಆಮ್ಲೆಟ್ ಮಾಡಿದರು. ಕಾರ್ಯಕ್ರಮದ ಹೆಸರು 'ಕುಕ್ಸ್ ನೈಟ್ ಔಟ್'. ಮನೆಯ ಅಡುಗೆಯವರಿಗೆ ರಜಾ ಇರೋ ರಾತ್ರಿ ಯಜಮಾನರು ತಾವೇ ಏನು ಮಾಡ್ಕೋಬಹುದು ಅಂತ. ಐದು ಕಂತು, ಐದು ತಿನಿಸು. ಬಿಡಿಬಿಡಿಯಾಗಿ ಮಾಡಬಹುದು, ಐದನ್ನೂ ಸೇರಿಸಿದರೆ ಪೂರ್ತಿ ಊಟ. ಟಿವಿಯ ಮೊದಲ ಬಾಣಸಿಗ ಅಂತ ಇತಿಹಾಸ ಇವರನ್ನೇ ಕರೆಯುತ್ತೆ.

ಆ ಆಮ್ಲೆಟ್ಟಿನ ಬಣ್ಣ ಹಳದಿ ಅನ್ನೋದೂ ನೋಡೋರಿಗೆ ಕಾಣಿಸಿರಲಿಕ್ಕಿಲ್ಲ, ನನಗೆ ಅದು ಯಾಕೋ ತುಂಬಾ ಇಷ್ಟ.

1939ರ ಸೆಪ್ಟೆಂಬರಲ್ಲಿ ಯುದ್ಧದ ಕಾರಣಕ್ಕೆ ಬಿಬಿಸಿ ಟಿವಿಯನ್ನೇ ನಿಲ್ಲಿಸಿತು. ಬೂಲೆಸ್ತಾಂ ಆಗ ಫ್ರಾನ್ಸಲ್ಲಿದ್ದರು, ಜರ್ಮನ್ನರು ಬಂದ ಮೇಲೆ ವಾಪಸ್ ಹೋಗೋಕೆ ಆಗಲಿಲ್ಲ. 1943ರಲ್ಲಿ ಪ್ಯಾರಿಸ್ಸಲ್ಲೇ ತೀರಿಕೊಂಡರು. ವಿಚಿತ್ರ ಅಂದರೆ, ಅವರ ಕೈಲಿ ಲಾಭ ಕಾಣದ ಆ ಕೋವೆಂಟ್ ಗಾರ್ಡನ್ ರೆಸ್ಟೊರೆಂಟು ಬೇರೆಯವರ ಕೈಯಲ್ಲಿ 1994ರವರೆಗೂ ನಡೀತು.

ಯುದ್ಧ ಮುಗಿದು 1946ರಲ್ಲಿ ಟಿವಿ ಮತ್ತೆ ಶುರುವಾದಾಗ ಬಂದವರು ಫಿಲಿಪ್ ಹಾರ್ಬೆನ್. ಗಡ್ಡ, ಪಟ್ಟೆ ಪಟ್ಟೆ ಏಪ್ರನ್. ಬ್ರಿಟನ್ನಲ್ಲಿ ಆಗ ರೇಷನ್ ಕಾಲ. ಬೆಣ್ಣೆ, ಸಕ್ಕರೆ, ಮಾಂಸ ಎಲ್ಲಾ ಕಾರ್ಡಿಗೇ. ಯುದ್ಧದಲ್ಲೂ ರೇಷನ್ ಆಗದ ಬ್ರೆಡ್ಡು ಯುದ್ಧ ಮುಗಿದ ಮೇಲೆ, ಅದೇ 1946ರಲ್ಲಿ ರೇಷನ್ ಆಯ್ತು. ಹಾರ್ಬೆನ್ ಟಿವಿಯಲ್ಲಿ ಬಳಸ್ತಿದ್ದದ್ದು ತಮ್ಮ ಸ್ವಂತ ಮನೆಯ ರೇಷನ್ ಸಾಮಾನು. ಸ್ಟುಡಿಯೋದಲ್ಲಿ ಅಡುಗೆ ಹಾಳಾದರೆ ಮನೆಯವರಿಗೆ ಊಟಕ್ಕೆ ಕಡಿಮೆ. ಟಿವಿಯಿಂದ ಬಂದ ಹೆಸರನ್ನ ಹಾರ್ಬೆನ್ ಆಮೇಲೆ ಹೋಟೆಲಿಗೆ ಹಾಕಲಿಲ್ಲ, ತಮ್ಮ ಹೆಸರಿನ ಪಾತ್ರೆ ಮಾರಾಟಕ್ಕೆ ಹಾಕಿದರು. ತಳ ಹಿಡಿಯದ ಬಾಣಲೆಗಳು, ಹೆಸರು 'ಹಾರ್ಬೆನ್‌ವೇರ್'. ಈ ಬಾಣಲೆಯನ್ನ ನೆನಪಿಟ್ಕೊಳ್ಳಿ, ನಮ್ಮ ದೇಶಕ್ಕೆ ಬಂದಾಗ ಮತ್ತೆ ಸಿಗುತ್ತೆ.

ಅಮೆರಿಕದ ಜೂಲಿಯಾ ಚೈಲ್ಡ್ ಬಗ್ಗೆ ನಿಮಗೆ ಸಿನಿಮಾದಿಂದ ಗೊತ್ತಿರಬಹುದು, ಹಾಗಾಗಿ ಚುಟುಕಾಗಿ ಹೇಳ್ತೀನಿ. 1961ರಲ್ಲಿ ಇಬ್ಬರು ಫ್ರೆಂಚ್ ಗೆಳತಿಯರ ಜೊತೆ ದಪ್ಪ ಪುಸ್ತಕ ಬರೆದರು. ಅದರ ಪ್ರಚಾರಕ್ಕೆ ಬಾಸ್ಟನ್ನಿನ ಒಂದು ಟಿವಿ ಸಂದರ್ಶನಕ್ಕೆ ಹೋದಾಗ ಮಾತಿನ ಬದಲು ಅಲ್ಲೇ ಒಲೆ ಇಟ್ಟು ಆಮ್ಲೆಟ್ ಮಾಡಿ ತೋರಿಸಿದರು. ಮತ್ತೆ ಆಮ್ಲೆಟ್ಟೇ! ನೋಡಿದೋರು ಇನ್ನಷ್ಟು ಬೇಕು ಅಂತ ಪತ್ರ ಬರೆದರು, 1963ರಿಂದ 'ದ ಫ್ರೆಂಚ್ ಶೆಫ್' ಶುರುವಾಯ್ತು. ಒಂದು ಸಲ ಆಲೂಗಡ್ಡೆ ದೋಸೆ ಥರದ್ದನ್ನ ಮಗುಚೋಕೆ ಹೋಗಿ ಅರ್ಧ ಒಲೆಕಟ್ಟೆ ಮೇಲೆ ಬಿತ್ತು. ಎತ್ತಿ ಬಾಣಲೆಗೆ ಹಾಕಿ, ಅಡುಗೆ ಮನೇಲಿ ನೀವೊಬ್ಬರೇ ಇರ್ತೀರಿ, ಯಾರು ನೋಡ್ತಾರೆ ಅಂದುಬಿಟ್ಟರು. ನಮ್ಮ ಲೆಕ್ಕಕ್ಕೆ ಬೇಕಾದ ವಿಷಯ ಬೇರೆ. ಅಷ್ಟು ಹೆಸರಿದ್ದೂ ಜೂಲಿಯಾ ಸ್ವಂತ ರೆಸ್ಟೊರೆಂಟ್ ನಡೆಸಲೇ ಇಲ್ಲ. ಪಾತ್ರೆಗೋ ಮಸಾಲೆಗೋ ಹೆಸರು ಕೊಡೋಕೂ ಒಪ್ಪಲಿಲ್ಲ. ಪುಸ್ತಕ ಮತ್ತು ಟಿವಿ, ಅಷ್ಟೇ. ಅವರ ಮನೆಯ ಅಡುಗೆ ಕೋಣೆ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಲ್ಲಿದೆ.

ಈಗ ನಮ್ಮ ಕಡೆ. 1993. ಝೀ ಟಿವಿ ಶುರುವಾಗಿ ಇನ್ನೂ ಹೊಸತು. ಮುಂಬೈನ ಸೆಂಟಾರ್ ಹೋಟೆಲಲ್ಲಿ ಎಕ್ಸಿಕ್ಯುಟಿವ್ ಶೆಫ್ ಆಗಿದ್ದ ಹುಡುಗನಂಥ ಒಬ್ಬ ಮನುಷ್ಯ 'ಖಾನಾ ಖಜಾನಾ' ನಡೆಸೋಕೆ ಬಂದ. ಸಂಜೀವ್ ಕಪೂರ್. ಆ ಕಾರ್ಯಕ್ರಮದ ನಿರ್ದೇಶಕ ಹನ್ಸಲ್ ಮೆಹ್ತಾ, ಮುಂದೆ ಸ್ಟಾಕ್ ಮಾರ್ಕೆಟ್ ಹಗರಣದ ಸೀರೀಸ್ ಮಾಡಿದವರು ಅವರೇ. ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಹಿಂದಿ ಬರ್ತಿರಲಿಲ್ಲ. ಆದರೂ ಅಮ್ಮ, ಚಿಕ್ಕಮ್ಮ ಇಬ್ಬರೂ ಕೂತು ನೋಡೋರು ಅಂತ ಅಜ್ಜಿ ಹೇಳ್ತಾರೆ. 'ಧನಿಯಾ' ಅಂದರೆ ಕೊತ್ತಂಬರಿ, 'ಹಲ್ದಿ' ಅಂದರೆ ಅರಿಶಿನ ಅಂತ ಚಿಕ್ಕಮ್ಮ ಹಿಂದಿ ಕಲಿತದ್ದೇ ಅಲ್ಲಿ. ಪನೀರ್ ಅನ್ನೋ ಪದಾರ್ಥ ನಮ್ಮ ಮನೆಗೆ ಬಂದದ್ದೂ ಆ ದಾರಿಯಿಂದಲೇ.

ಕಪೂರ್ ಮಾಡಿದ ವ್ಯಾಪಾರ ನೋಡಿ. 'ದ ಯೆಲ್ಲೋ ಚಿಲ್ಲಿ' ರೆಸ್ಟೊರೆಂಟುಗಳು ಬಹುಪಾಲು ಫ್ರಾಂಚೈಸಿ. ಅಂದರೆ ಊರಿನವರು ಯಾರೋ ಜಾಗ ಹಿಡಿದು, ದುಡ್ಡು ಹಾಕಿ, ಬಾಡಿಗೆ ಕಟ್ಟಿ, ಜನರನ್ನ ಇಟ್ಟುಕೊಂಡು ನಡೆಸ್ತಾರೆ. ಹೆಸರು, ಮೆನು, ತರಬೇತಿ ಇವರದ್ದು. 2009ರಲ್ಲಿ 'ವಂಡರ್‌ಶೆಫ್' ಕಂಪನಿ: ಬಾಣಲೆ, ಕುಕ್ಕರ್, ಮಿಕ್ಸಿ. ನೋಡಿದ್ರಾ, ಹಾರ್ಬೆನ್ ಬಾಣಲೆ ಅರ್ಧ ಶತಮಾನ ದಾಟಿ ಮುಂಬೈಗೆ ಬಂತು. 2011ರಲ್ಲಿ ಸ್ವಂತ ಟಿವಿ ಚಾನೆಲ್ 'ಫುಡ್‌ಫುಡ್'. ಬಾಡಿಗೆಯ ಹೊರೆ ತನ್ನ ತಲೆ ಮೇಲೆ ಆದಷ್ಟು ಕಡಿಮೆ ಇರಬೇಕು ಅನ್ನೋದು ಎಲ್ಲದರಲ್ಲೂ ಕಾಣುತ್ತೆ. ಇದು ನನ್ನ ಓದು, ಅವರು ಹೀಗೆ ಹೇಳಿದಾರೆ ಅಂತಲ್ಲ.

ಕನ್ನಡದಲ್ಲಿ ಈ ಥರ ಮನೆ ಮನೆಗೆ ಹೋದ ಮುಖ ಅಂದರೆ 'ಬೊಂಬಾಟ್ ಭೋಜನ'ದ ಸಿಹಿಕಹಿ ಚಂದ್ರು. ಅವರು ನಟರು. ಅಡುಗೆ ಶೋ ನಡೆಯೋದು ಒಗ್ಗರಣೆಯಿಂದ ಎಷ್ಟೋ ಮಾತಿನಿಂದಲೂ ಅಷ್ಟೇ ಅನ್ನೋದಕ್ಕೆ ಅವರಿಗಿಂತ ಸಾಕ್ಷಿ ಬೇಡ. ಚಿಕ್ಕಮ್ಮನ ಚಾನೆಲ್ಲೂ ಹಾಗೇ. ಕಾಮೆಂಟಲ್ಲಿ ಜನ ಬರೆಯೋದು ರೊಟ್ಟಿ ಬಗ್ಗೆ ಕಡಿಮೆ, "ಆಂಟಿ ನಿಮ್ಮ ಮಾತು ಕೇಳಿದ್ರೆ ಊರು ನೆನಪಾಗುತ್ತೆ" ಅಂತ ಜಾಸ್ತಿ. ಊರು ನೆನಪಾಗುತ್ತೆ ಅನ್ನೋರು ಊರಲ್ಲಿಲ್ಲ ಅಂತ ತಾನೇ ಅರ್ಥ? ಅವರು ಬೆಂಗಳೂರಲ್ಲೋ ಪುಣೆಯಲ್ಲೋ ದುಬೈಯಲ್ಲೋ ಇದ್ದಾರೆ. ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರ ದಿನಾ ಮಧ್ಯಾಹ್ನ ಊಟಕ್ಕೆ ಬರೋರಲ್ಲ.

ಇಲ್ಲಿಂದ ನನ್ನ ಎಪಿಸೋಡಿನ ಮುಖ್ಯ ಪಾತ್ರ. ಜೇಮೀ ಆಲಿವರ್.

1975ರಲ್ಲಿ ಹುಟ್ಟಿದ್ದು. ಅಪ್ಪ ಅಮ್ಮ ಇಂಗ್ಲೆಂಡಿನ ಎಸೆಕ್ಸ್‌ನ ಕ್ಲಾವರಿಂಗ್ ಅನ್ನೋ ಹಳ್ಳಿಯಲ್ಲಿ ಪಬ್ ನಡೆಸೋರು, ಹುಡುಗ ಅಲ್ಲೇ ಅಡುಗೆ ಕಲಿತ. ಲಂಡನ್ನಿನ ರಿವರ್ ಕೆಫೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲೊಂದು ಡಾಕ್ಯುಮೆಂಟರಿ ಶೂಟ್ ಆಯ್ತು. ಹಿಂದೆ ನಿಂತು ಚಟಪಟ ಮಾತಾಡ್ತಿದ್ದ ಹುಡುಗ ಟಿವಿಯವರ ಕಣ್ಣಿಗೆ ಬಿದ್ದ. 1999ರಲ್ಲಿ ಬಿಬಿಸಿಯಲ್ಲಿ 'ದ ನೇಕೆಡ್ ಶೆಫ್'. ಹೆಸರು ಕೇಳಿ ಗಾಬರಿ ಬೇಡ, ಬೆತ್ತಲಾಗಿರೋದು ಅಡುಗೆ, ಅಡುಗೆಯವನಲ್ಲ. ಆಡಂಬರ ಇಲ್ಲದ ಅಡುಗೆ ಅಂತ ಅರ್ಥ. ಮರುವರ್ಷದಿಂದ ಒಂದು ದೊಡ್ಡ ಸೂಪರ್‌ಮಾರ್ಕೆಟ್ ಸರಣಿಯ ಜಾಹೀರಾತಿನ ಮುಖ, ಅದೂ 11 ವರ್ಷ. ಪುಸ್ತಕಗಳಂತೂ ಲಕ್ಷಗಟ್ಟಲೆ.

ಈ ಮನುಷ್ಯನನ್ನ ದುಡ್ಡಿನ ಆಸೆಬುರುಕ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. 2002ರಲ್ಲಿ ಕೆಲಸ ಇಲ್ಲದ 15 ಹುಡುಗ ಹುಡುಗಿಯರನ್ನ ಕರೆದು ಅಡುಗೆ ಕಲಿಸಿ ರೆಸ್ಟೊರೆಂಟ್ ತೆರೆದ, ಹೆಸರೇ 'ಫಿಫ್ಟೀನ್'. ಅದಕ್ಕೆ ಮನೆಯನ್ನೇ ಅಡ ಇಟ್ಟಿದ್ದ. ಇದನ್ನ ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಚಿಕ್ಕಮ್ಮನ ಸೈಟ್ ಕಣ್ಣ ಮುಂದೆ ಬಂತು. 2005ರಲ್ಲಿ ಸರ್ಕಾರಿ ಶಾಲೆಗಳ ಊಟದ ಮೇಲೆ ಟಿವಿ ಸರಣಿ. ಒಂದು ಮಗುವಿನ ಊಟದ ಸಾಮಾನಿಗೆ 37 ಪೆನ್ಸ್ ಮಾತ್ರ ಸಿಗೋದು ಅಂತ ದೇಶಕ್ಕೆಲ್ಲಾ ತೋರಿಸಿದ. ಸರ್ಕಾರ 28 ಕೋಟಿ ಪೌಂಡ್ ಕೊಡ್ತೀವಿ ಅಂತ ಘೋಷಿಸಬೇಕಾಯ್ತು. ಒಂದೊಂದು ಪೆನ್ಸಿನ ಲೆಕ್ಕ ಗೊತ್ತಿದ್ದವನು ಅನ್ನೋದಕ್ಕೆ ಇದನ್ನ ಹೇಳಿದೆ.

2008ರಲ್ಲಿ ಆಕ್ಸ್‌ಫರ್ಡಲ್ಲಿ ಮೊದಲ 'ಜೇಮೀಸ್ ಇಟಾಲಿಯನ್'. ಮಧ್ಯಮ ವರ್ಗದವರು ಕುಟುಂಬ ಸಮೇತ ಹೋಗಿ ಪಾಸ್ತಾ ತಿನ್ನೋ ಜಾಗ. ಬಾಗಿಲ ಹೊರಗೆ ಕ್ಯೂ. ಅದೇ ವರ್ಷ ಜಗತ್ತಿನ ಬ್ಯಾಂಕುಗಳು ಬಿದ್ದವು. ಒಳ್ಳೆ ಒಳ್ಳೆ ರಸ್ತೆಗಳಲ್ಲಿ ದೊಡ್ಡ ಕಟ್ಟಡಗಳು ಖಾಲಿಯಾದವು, ಹೊಸ ಕಂಪನಿಗೆ ಹರಡೋಕೆ ಅವಕಾಶ. ಕೆಲವೇ ವರ್ಷದಲ್ಲಿ ಬ್ರಿಟನ್ನಲ್ಲೇ 40 ದಾಟಿತು. ಹೊರದೇಶಗಳಲ್ಲೂ ತೆರೆದವು, 2015ರಲ್ಲಿ ನಮ್ಮ ದೆಹಲಿಗೂ ಬಂತು. ಆದರೆ ಹೊರದೇಶದ್ದೆಲ್ಲಾ ಹೆಚ್ಚಾಗಿ ಫ್ರಾಂಚೈಸಿ, ಬಾಡಿಗೆ ಅಲ್ಲಿಯವರದ್ದು. ಬ್ರಿಟನ್ನಿನದ್ದು ಸ್ವಂತ.

ಇಲ್ಲಿ ಬಿಕಾಂ ಪಾಠ ಎರಡು ನಿಮಿಷ, ಮುಂದಕ್ಕೆ ಓಡಿಸ್ಬೇಡಿ. ಒಂದು ವಿಡಿಯೋ ಮಾಡೋಕೆ ಒಂದು ಸಲ ಖರ್ಚು. ಆಮೇಲೆ ಅದನ್ನ ನೂರು ಜನ ನೋಡಿದರೂ ಲಕ್ಷ ಜನ ನೋಡಿದರೂ ನಿಮಗೆ ಹೊಸ ಖರ್ಚಿಲ್ಲ. ಪುಸ್ತಕವೂ ಹೆಚ್ಚುಕಮ್ಮಿ ಹಾಗೇ. ಹೋಟೆಲ್ ತಿರುಗುಮುರುಗು. ಪ್ರತಿ ತಟ್ಟೆಗೂ ಹಿಟ್ಟು, ಎಣ್ಣೆ, ಗ್ಯಾಸು ಬೇಕು. ಅದರ ಮೇಲೆ ಯಾರೂ ಬರದಿದ್ದರೂ ಕಟ್ಟಬೇಕಾದ ಬಾಡಿಗೆ, ಕರೆಂಟಿನ ಕನಿಷ್ಠ ಬಿಲ್ಲು, ಸಂಬಳ. ಸ್ಥಿರ ವೆಚ್ಚ ಅಂತ ಪರೀಕ್ಷೆಯಲ್ಲಿ ಬರೆದಿದ್ದೆವಲ್ಲ, ಅದು ಮಳೆ ಬಂದ ದಿನವೂ ಸ್ಥಿರ, ಅಮಾವಾಸ್ಯೆಗೂ ಸ್ಥಿರ. ಮೊದಲ ಹೋಟೆಲ್ ಲಾಭ ಮಾಡಿತು ಅಂತ ಹತ್ತು ತೆರೆದರೆ ಲಾಭವೇನೂ ಹತ್ತರಷ್ಟು ಆಗಲ್ಲ. ಬಾಡಿಗೆ ಮಾತ್ರ ಹತ್ತು ಬರುತ್ತೆ.

ಬ್ರಿಟನ್ನಲ್ಲಿ ಬಾಡಿಗೆ ಕರಾರು ದೀರ್ಘಕಾಲದ್ದು, ಮೇಲೆ ಕಟ್ಟಡ ತೆರಿಗೆ. 2016ರ ಬ್ರೆಕ್ಸಿಟ್ ಮತದಾನದ ನಂತರ ಪೌಂಡ್ ಬಿತ್ತು, ಇಟಲಿಯಿಂದ ತರಿಸೋ ಸಾಮಾನು ತುಟ್ಟಿ ಆಯ್ತು. ಇದೇ ಥರದ ಹೋಟೆಲ್ ಸರಣಿಗಳು ಬೀದಿಗೆ ಮೂರು ಆಗಿದ್ದವು. ಜನ ಮನೆಯಲ್ಲೇ ಕೂತು ಫೋನಲ್ಲಿ ತರಿಸಿ ತಿನ್ನೋದು ಕಲಿತರು. 2017ರ ಶುರುವಿಗೇ ಆರು ಶಾಖೆ ಮುಚ್ಚಿದವು. ಅದೇ ವರ್ಷ ಕೈಲಿ ನಗದೇ ಇಲ್ಲ ಅನ್ನೋ ಸ್ಥಿತಿ ಬಂದು, ಜೇಮೀ ಸ್ವಂತ ಉಳಿತಾಯದಿಂದ 75 ಲಕ್ಷ ಪೌಂಡ್, ಆಮೇಲೆ ಇನ್ನೊಂದು 50 ಲಕ್ಷದ ಮೇಲೆ ಹಾಕಿದ. ಟಿವಿಯಿಂದ, ಪುಸ್ತಕದಿಂದ ಬಂದ ದುಡ್ಡು ಅದು. ಬೂಲೆಸ್ತಾಂ ಮಾಡ್ತಿದ್ದದ್ದು ಇದನ್ನೇ ತಾನೇ? 80 ವರ್ಷದಲ್ಲಿ ಸೊನ್ನೆಗಳು ಮಾತ್ರ ಹೆಚ್ಚಾಗಿದ್ದವು.

2018ರ ಫೆಬ್ರವರಿಯಲ್ಲಿ ಸಾಲಗಾರರ ಜೊತೆ ಮಾತುಕತೆ ಮಾಡಿ 37ರಲ್ಲಿ 12 ಮುಚ್ಚೋದು ಅಂತಾಯ್ತು. ಸಾಕಾಗಲಿಲ್ಲ. 2019ರ ಮೇ 21ರಂದು ಬ್ರಿಟನ್ನಿನ ರೆಸ್ಟೊರೆಂಟ್ ವ್ಯವಹಾರ ಆಡಳಿತಗಾರರ ಕೈಗೆ ಹೋಯ್ತು. ಉಳಿದಿದ್ದ 25ರಲ್ಲಿ 22 ಅಂದೇ ಬಾಗಿಲು ಹಾಕಿದವು, ವಿಮಾನ ನಿಲ್ದಾಣದ ಮೂರು ಮಾತ್ರ ಸದ್ಯಕ್ಕೆ ಉಳಿದವು. ಸುಮಾರು ಸಾವಿರ ಜನರ ಕೆಲಸ ಹೋಯ್ತು. ಲಂಡನ್ನಿನ 'ಫಿಫ್ಟೀನ್' ಕೂಡ ಮುಚ್ಚಿತು. ತರಕಾರಿ, ಮಾಂಸ ಕೊಟ್ಟವರ ಬಾಕಿ ಹಾಗೇ ನಿಂತಿತು.

ಜೇಮೀ ದಿವಾಳಿ ಆದನಾ? ಇಲ್ಲ. ಬಿಕಾಂನವರಿಗೆ ಸಾಲೊಮನ್ ಕೇಸ್ ನೆನಪಿರಬಹುದು, ಕಂಪನಿ ಲಾ ಪುಸ್ತಕದ ಮೊದಲ ಪಾಠ: ಕಂಪನಿ ಬೇರೆ, ಮಾಲೀಕ ಬೇರೆ. ರೆಸ್ಟೊರೆಂಟ್ ಕಂಪನಿ ಮುಳುಗಿತು, ಪುಸ್ತಕ ಮತ್ತು ಟಿವಿ ನಡೆಸೋ ಕಂಪನಿ ತೇಲಿತು. ಅವನು ಹಾಕಿದ ದುಡ್ಡು ಹೋಯ್ತು ನಿಜ, ಆದರೆ ಮರುದಿನ ಎದ್ದು ಇನ್ನೊಂದು ಪುಸ್ತಕ ಬರೆಯೋ ಹಾಗಿತ್ತು. ತಟ್ಟೆ ಎತ್ತುತ್ತಿದ್ದ ಹುಡುಗನಿಗೆ ಆ ಇನ್ನೊಂದು ಕಂಪನಿ ಇರಲಿಲ್ಲ. ಈ ಭಾಗದಲ್ಲಿ ನನಗೆ ಜೇಮೀ ಮೇಲೆ ಕೋಪ ಬರುತ್ತೆ, ಆಮೇಲೆ ಮನೆ ಅಡ ಇಟ್ಟದ್ದು ನೆನಪಾಗಿ ಇಳಿಯುತ್ತೆ. ಇನ್ನೂ ತೀರ್ಮಾನ ಆಗಿಲ್ಲ.

2023ರಲ್ಲಿ ಅವನು ಲಂಡನ್ನಲ್ಲಿ ಮತ್ತೆ ಒಂದು ರೆಸ್ಟೊರೆಂಟ್ ತೆರೆದ. ಈ ಸಲ ಒಂದೇ ಒಂದು. ಜಾಗ ಯಾವುದು ಅಂತೀರಿ? ಕೋವೆಂಟ್ ಗಾರ್ಡನ್, ಕ್ಯಾಥರೀನ್ ಸ್ಟ್ರೀಟ್. ಬೂಲೆಸ್ತಾಂ ಹೋಟೆಲ್ ಇದ್ದ ಸೌತಾಂಪ್ಟನ್ ಸ್ಟ್ರೀಟಿಗೆ ನಡೆದೇ ಹೋಗಬಹುದು.

ಇಷ್ಟನ್ನೂ ಓದಿ ನಾನು ಚಿಕ್ಕಮ್ಮನಿಗೆ ಒಂದು ಎಕ್ಸೆಲ್ ಶೀಟ್ ಮಾಡಿದೆ. ಅವರು ಹೇಳಿದ ಮಳಿಗೆಯ ಬಾಡಿಗೆ 28 ಸಾವಿರ, ಮುಂಗಡ ಮೂರು ಲಕ್ಷ, ಇಬ್ಬರು ರೊಟ್ಟಿ ಬಡಿಯೋರು, ಒಬ್ಬ ಸಪ್ಲೈಯರ್. ನನ್ನ ಲೆಕ್ಕದಲ್ಲಿ ದಿನಕ್ಕೆ ನೂರು ಊಟ ಸಾಲಲ್ಲ, ನೂರಾ ಮೂವತ್ತಾದರೂ ಬೇಕು, ಭಾನುವಾರ ಸೇರಿ. ಅವರ ಹೆಸರಲ್ಲೇ ಹೋಟೆಲ್, ಕಂಪನಿ ಗಿಂಪನಿ ಏನಿಲ್ಲ. ಹೋಟೆಲ್ ಮುಳುಗಿದರೆ ಸೈಟೂ ಹೋಗುತ್ತೆ. ಜೇಮೀ, ಬೂಲೆಸ್ತಾಂ ಇಬ್ಬರ ಕಥೆಯನ್ನೂ ಫೋನಲ್ಲೇ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆ ಪ್ಯಾರಿಸ್ಸಿನೋರು ಟಿವಿಗೆ ಹೋಗಿ ಬಂದ ದುಡ್ಡನ್ನ ಹೋಟ್ಲಿಗೆ ಸುರೀತಿದ್ರು ಅಂದ್ಯಲ್ಲ, ಅವರಿಗೆ ಹೆಂಡತಿ ಮಕ್ಕಳು ಇದ್ರಾ?" ಅಂದರು. ಇರಲಿಲ್ಲ ಅಂದೆ. "ಹಂಗಾರೆ ಸುರೀಬಹುದು ಬಿಡು" ಅಂದರು.

ವಾರ ಬಿಟ್ಟು ಫೋನ್ ಬಂತು. ಸೈಟ್ ಅಡ ಇಡೋ ಮಾತು ಸದ್ಯಕ್ಕೆ ಬಿಟ್ಟಿದಾರೆ. ದೊಡ್ಡ ಮಳಿಗೆಯನ್ನೂ ಬಿಟ್ಟರು. ಅದರ ಪಕ್ಕದ ಓಣಿಯಲ್ಲಿ ಹತ್ತಕ್ಕೆ ಹನ್ನೆರಡರ ಒಂದು ಜಾಗ, ಕೂರೋಕೆ ಕುರ್ಚಿ ಇಲ್ಲ, ರೊಟ್ಟಿ ಪಾರ್ಸೆಲ್ ಮತ್ತು ಚಟ್ನಿಪುಡಿ ಮಾತ್ರ. ಬಾಡಿಗೆ ಏಳು ಸಾವಿರ. ಚಟ್ನಿಪುಡಿಯನ್ನ ಊರು ನೆನಪಾಗೋ ಆ ಬೆಂಗಳೂರಿನವರಿಗೆ ಕೊರಿಯರಲ್ಲಿ ಕಳಿಸಬಹುದಲ್ಲ ಅನ್ನೋದು ಮಗಳ ಐಡಿಯಾ. ಬಳೆ ಮೇಲೆ ಸಾಲ ತಗೊಂಡಿದಾರೆ, ನನಗೆ ಹೇಳೋ ಮೊದಲೇ ಮುಂಗಡವನ್ನೂ ಕೊಟ್ಟುಬಿಟ್ಟಿದಾರೆ. ನಾನು ಶೀಟಲ್ಲಿ ಬಾಡಿಗೆಯ ಸಾಲನ್ನ ತಿದ್ದಿ ಮತ್ತೆ ಕಳಿಸಿದೀನಿ. ಮುಂದಿನ ತಿಂಗಳು ಪೂಜೆ. ಮೊದಲ ಎರಡು ದಿನ ಗಲ್ಲಾದಲ್ಲಿ ನಾನೇ ಕೂರಬೇಕಂತೆ. ಹಾಗಾಗಿ ಆ ವಾರ ಎಪಿಸೋಡ್ ಇರಲ್ಲ.